‘ಹಿಯರ್‌ಬೈ’ ಯಾವ ವಾಕ್ಯಕ್ಕೆ ಬೇಕು, ಯಾವುದಕ್ಕೆ ಬೇಡ

ರಾಜೀನಾಮೆ ಪತ್ರ, ಅಫಿಡವಿಟ್, ಒಪ್ಪಂದ, ನೋಟಿಸು, ಪ್ರಮಾಣಪತ್ರ ಇವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ‘ಹಿಯರ್‌ಬೈ’ ಎಂಬ ಪದ ತಾನಾಗಿಯೇ ಬಂದುಬಿಡುತ್ತದೆ. ಹಳೆಯ ಪತ್ರವನ್ನು ಎದುರಿಗಿಟ್ಟುಕೊಂಡು ಹೊಸದನ್ನು ಬರೆಯುವವರು ಅದನ್ನೂ ಜೊತೆಗೆ ಇಳಿಸಿಕೊಳ್ಳುತ್ತಾರೆ. ಪತ್ರಕ್ಕೆ ಇನ್ನಷ್ಟು ತೂಕ ಬರಲಿ ಎಂದು ಎರಡು ಮೂರು ಕಡೆ ಸೇರಿಸುವವರೂ ಇದ್ದಾರೆ. ಆದರೆ ಈ ಪದಕ್ಕೆ ಖಚಿತವಾದ ಒಂದು ಕೆಲಸವಿದೆ. ಆ ಕೆಲಸವಿರುವ ವಾಕ್ಯದಲ್ಲಿ ಅದು ಪೇಟೆಂಟಿನ ಒಡೆತನ ಯಾರದೆಂಬುದನ್ನೇ ತೀರ್ಮಾನಿಸಬಲ್ಲದು. ಆ ಕೆಲಸವಿಲ್ಲದ ವಾಕ್ಯದಲ್ಲಿ ತಪ್ಪಾಗುತ್ತದೆ, ಇಲ್ಲವೇ ಸುಮ್ಮನೆ ಭಾರವಾಗುತ್ತದೆ.

ಬಿಡಿಸಿದರೆ ಇದು ‘ಹಿಯರ್’ ಮತ್ತು ‘ಬೈ’. ‘ಹಿಯರ್’ ಇಲ್ಲಿ ಜಾಗವನ್ನು ಹೇಳುತ್ತಿಲ್ಲ, ‘ಇದು’ ಎಂದು ತೋರಿಸುತ್ತಿದೆ. ‘ಬೈ’ ಎಂದರೆ ‘ಇಂದ’, ‘ಮೂಲಕ’. ಒಟ್ಟಿಗೆ ‘ಇದರಿಂದ’, ‘ಈ ಮೂಲಕ’. ಹಿಂದೊಮ್ಮೆ ‘ಇಲ್ಲೇ ಹತ್ತಿರದಲ್ಲಿ’ ಎಂಬ ಅರ್ಥವೂ ಇತ್ತು, ಈಗ ಅದು ಬಳಕೆಯಲ್ಲಿಲ್ಲ. ಒಂದೇ ಪದವಾಗಿ ಬರೆಯಬೇಕು, ನಡುವೆ ಜಾಗ ಬಿಡಬಾರದು. ಉಚ್ಚಾರಣೆಯಲ್ಲಿ ಒತ್ತು ಸಾಮಾನ್ಯವಾಗಿ ‘ಬೈ’ ಮೇಲೆ ಬೀಳುತ್ತದೆ.

‘ಇದರಿಂದ’ ಎಂದರೆ ಯಾವುದರಿಂದ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಪದ ಅರ್ಥವಾದಂತೆಯೇ. ನೀವು ಈಗ ಓದುತ್ತಿರುವ ಸಾಲಿನಿಂದಲೇ, ಕೈಯಲ್ಲಿ ಹಿಡಿದಿರುವ ಕಾಗದದಿಂದಲೇ. ‘ಐ ಹಿಯರ್‌ಬೈ ರಿಸೈನ್’ ಎಂಬ ಸಾಲು ರಾಜೀನಾಮೆಯ ಸುದ್ದಿಯನ್ನು ತಿಳಿಸುವ ಸಾಲಲ್ಲ, ಅದೇ ರಾಜೀನಾಮೆ. ಅದನ್ನು ಬರೆದು, ಸಹಿ ಹಾಕಿ, ತಲುಪಿಸಬೇಕಾದವರಿಗೆ ತಲುಪಿಸಿದರೆ ಕೊಡುವ ಕೆಲಸ ಮುಗಿಯಿತು.

ಯಾವ ಭಾಷೆಯಲ್ಲಾದರೂ ಇಂಥ ವಾಕ್ಯಗಳು ಸಿಗುತ್ತವೆ. ‘ಮಳೆ ಬರುತ್ತಿದೆ’ ಎಂದು ಹೇಳಿದ ಮಾತ್ರಕ್ಕೆ ಮಳೆ ಬರುವುದಿಲ್ಲ. ‘ಕ್ಷಮೆ ಕೇಳುತ್ತೇನೆ’ ಎಂದರೆ ಮಾತ್ರ ಕ್ಷಮೆ ಕೇಳಿದಂತೆಯೇ ಆಯಿತು. ಈ ಎರಡು ಬಗೆಯ ಮಾತಿನ ಅಂತರವನ್ನು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟರು. ಅವರು 1960ರಲ್ಲಿ ತೀರಿಕೊಂಡರು. ಉಪನ್ಯಾಸಗಳು 1962ರಲ್ಲಿ ಅಚ್ಚಾದವು. ನುಡಿದೊಡನೆ ನಡೆದುಹೋಗುವ ಇಂಥ ಮಾತಿಗೆ ಅವರಿಟ್ಟ ಹೆಸರು ‘ಪರ್ಫಾರ್ಮೇಟಿವ್’. ಅದನ್ನು ಪತ್ತೆಹಚ್ಚಲು ಅವರು ಬಳಸಿದ ಗುರುತುಗಳಲ್ಲಿ ‘ಹಿಯರ್‌ಬೈ’ಯೂ ಒಂದು. ಕ್ರಿಯಾಪದಕ್ಕೆ ಮೊದಲು ಅದನ್ನಿಟ್ಟು ನೋಡಿ, ಹೊಂದಿಕೊಂಡರೆ ಆ ಮಾತು ಕೆಲಸವನ್ನೇ ಮಾಡುತ್ತಿದೆ ಎಂದು ತಿಳಿಯಬಹುದು.

ಬರೆಯುವವರಿಗೆ ಇದನ್ನೇ ತಿರುಗಿಸಿ ಬಳಸುವುದು ಅನುಕೂಲ. ಕ್ರಿಯಾಪದವನ್ನು ತೆಗೆದುಕೊಂಡು, ಈ ಕೆಲಸವನ್ನು ಬರೀ ಹೇಳಿ ಅಥವಾ ಬರೆದು ಮುಗಿಸಬಹುದೇ ಎಂದು ಕೇಳಿಕೊಳ್ಳಿ. ರಿಸೈನ್, ಅಪಾಯಿಂಟ್, ಆಥರೈಸ್, ಸರ್ಟಿಫೈ, ಡಿಕ್ಲೇರ್, ಪ್ರಾಮಿಸ್, ಅಗ್ರೀ, ಅಸೈನ್, ವೇವ್, ರಿವೋಕ್, ರಿಪೀಲ್, ವಾರ್ನ್, ಅಪಾಲಜೈಸ್ ಇವೆಲ್ಲ ಹಾಗೆ ಮುಗಿಯುವ ಕೆಲಸಗಳು. ಹೋಪ್, ಬಿಲೀವ್, ಥಿಂಕ್ ಹಾಗಲ್ಲ. ಅವು ಮನಸ್ಸಿನೊಳಗೆ ಇರುವಂಥವು, ಹೇಳುವ ಮೊದಲೂ ಇದ್ದವು. ‘ಐ ಹಿಯರ್‌ಬೈ ಹೋಪ್’ ತಪ್ಪಾಗುವುದು ಇದಕ್ಕೇ. ಹಣ ಕೊಡುವುದೂ ಮಾತಿನಿಂದ ಆಗುವ ಕೆಲಸವಲ್ಲ. ‘ಐ ಹಿಯರ್‌ಬೈ ಪೇ’ ಎಂದು ಬರೆದರೆ ಹಣ ಕೈ ಬದಲಿಸುವುದಿಲ್ಲ. ‘ಐ ಹಿಯರ್‌ಬೈ ಅಗ್ರೀ ಟು ಪೇ’ ಸರಿ, ಏಕೆಂದರೆ ಒಪ್ಪಿಕೊಳ್ಳುವುದು ಮಾತಿನಿಂದಲೇ ಆಗುತ್ತದೆ.

ಇನ್ನೊಂದು ಜೋಡಿಯನ್ನು ಹತ್ತಿರದಿಂದ ನೋಡಿದರೆ ನಿಯಮ ಮನಸ್ಸಿನಲ್ಲಿ ಉಳಿಯುತ್ತದೆ. ‘ಐ ಹಿಯರ್‌ಬೈ ವಾರ್ನ್ ಯು’ ಸರಿ, ‘ಐ ಹಿಯರ್‌ಬೈ ಫ್ರೈಟನ್ ಯು’ ತಪ್ಪು. ಎಚ್ಚರಿಕೆ ಕೊಡುವುದು ಬರೆಯುವವರ ಕೈಯಲ್ಲಿದೆ, ಹೆದರುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಮನವೊಲಿಸುವುದು, ನಂಬಿಸುವುದು, ಖುಷಿಪಡಿಸುವುದು ಎಲ್ಲವೂ ಹೀಗೆಯೇ: ಕೆಲಸ ಪೂರೈಸುವುದು ಎದುರಿನವರಲ್ಲಿ, ಹಾಗಾಗಿ ಹಿಯರ್‌ಬೈ ಅಲ್ಲಿ ನಿಲ್ಲುವುದಿಲ್ಲ.

ಕನ್ನಡದಿಂದ ಬರುವಾಗ ಆಗುವ ಮೂರು ತಪ್ಪು

ಹಿಯರ್‌ಬೈ ಇರುವ ವಾಕ್ಯದ ಕ್ರಿಯಾಪದ ಸರಳ ವರ್ತಮಾನದಲ್ಲಿರಬೇಕು: ‘ರಿಸೈನ್’, ‘ಅಪಾಯಿಂಟ್’, ಕರ್ಮಣಿಯಾದರೆ ‘ಈಸ್ ಕ್ಯಾನ್ಸಲ್ಡ್’, ‘ಆರ್ ನೋಟಿಫೈಡ್’. ಮಾತು ಮತ್ತು ಕೆಲಸ ಒಂದೇ ಗಳಿಗೆಯಲ್ಲಿ ನಡೆಯುವುದರಿಂದ ಬೇರೆ ಕಾಲಕ್ಕೆ ಎಡೆಯಿಲ್ಲ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವವರು ಎಡವುವುದು ಇಲ್ಲಿಯೇ. ಕಾರಣ ಜ್ಞಾನದ ಕೊರತೆಯಲ್ಲ. ಕನ್ನಡ ಇದೇ ಕೆಲಸಕ್ಕೆ ಬೇರೆ ರೂಪಗಳನ್ನು ಬಳಸುತ್ತದೆ, ಅಷ್ಟೆ.

‘ನಾನು ಈ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ‘ನೀಡುತ್ತಿದ್ದೇನೆ’ಯನ್ನು ಹಾಗೆಯೇ ದಾಟಿಸಿದರೆ ‘ಐ ಆಮ್ ಹಿಯರ್‌ಬೈ ರಿಸೈನಿಂಗ್’ ಆಗುತ್ತದೆ. ಇಂಗ್ಲಿಷಿನ ‘ಇಂಗ್’ ರೂಪ ಇನ್ನೂ ನಡೆಯುತ್ತಿರುವ ಕೆಲಸವನ್ನೋ ಮುಂದೆ ಮಾಡಲು ಹೊರಟಿರುವುದನ್ನೋ ಹೇಳುತ್ತದೆ. ‘ಐ ಆಮ್ ರಿಸೈನಿಂಗ್’ ಎಂದು ಗೆಳೆಯರಿಗೆ ಹೇಳಿದರೆ ಅದು ಸುದ್ದಿ. ಅದರ ನಡುವೆ ಹಿಯರ್‌ಬೈ ತೂರಿಸಿದರೆ ಒಂದು ತುದಿ ‘ಈಗಲೇ ಆಯಿತು’ ಎನ್ನುತ್ತದೆ, ಇನ್ನೊಂದು ತುದಿ ‘ಆಗುತ್ತಿದೆ’ ಎನ್ನುತ್ತದೆ.

ಎರಡನೆಯದು ‘ತ್ತೇನೆ’. ‘ಒಪ್ಪುತ್ತೇನೆ’ ಎಂಬ ಒಂದೇ ರೂಪ ಕನ್ನಡದಲ್ಲಿ ಈಗಿನದನ್ನೂ ಹೇಳುತ್ತದೆ, ನಾಳೆಯದನ್ನೂ ಹೇಳುತ್ತದೆ. ನಾಳೆಯ ಅರ್ಥ ಮನಸ್ಸಿನಲ್ಲಿ ಮುಂದೆ ಬಂದಾಗ ‘ಐ ವಿಲ್ ಹಿಯರ್‌ಬೈ ಅಗ್ರೀ’ ಹುಟ್ಟುತ್ತದೆ. ‘ವಿಲ್’ ಬಂದ ಕೂಡಲೇ ಒಪ್ಪಿಗೆ ಇನ್ನೂ ಬಾಕಿಯಿದೆ ಎಂದಾಯಿತು. ಬಾಕಿ ಇರುವುದು ಈ ಕಾಗದದಿಂದಲೇ ಆಗುವುದು ಹೇಗೆ?

ಮೂರನೆಯದು ಕಚೇರಿಯ ಕನ್ನಡದ ‘ಲಾಗಿದೆ’. ‘ಹಿಂದಿನ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ’ ಎಂದು ಬರೆಯುವುದು ರೂಢಿ. ರೂಪ ಮುಗಿದ ಕೆಲಸದ್ದಾದರೂ ನಮಗೆ ಅರ್ಥ ಸರಿಯಾಗಿಯೇ ತಿಳಿಯುತ್ತದೆ. ಅದನ್ನು ‘ಹ್ಯಾಸ್ ಬೀನ್ ಹಿಯರ್‌ಬೈ ಕ್ಯಾನ್ಸಲ್ಡ್’ ಎಂದು ಮಾಡಿದರೆ, ರದ್ದತಿ ಹಿಂದೆಯೇ ಆಗಿತ್ತು ಎಂಬ ಧ್ವನಿ ಬರುತ್ತದೆ. ಯಾವಾಗ ಆಯಿತು, ಯಾವ ಆದೇಶದಿಂದ ಆಯಿತು ಎಂದು ಓದುವವರು ಹುಡುಕತೊಡಗುತ್ತಾರೆ. ‘ಈಸ್ ಹಿಯರ್‌ಬೈ ಕ್ಯಾನ್ಸಲ್ಡ್’ ಎಂದು ಬರೆದರೆ ಈ ಹಾಳೆಯೇ ರದ್ದತಿ. ‘ಲಾಗಿದೆ’ಗೆ ‘ಈಸ್’ ಸಾಕು ಎಂಬುದೊಂದನ್ನು ನೆನಪಿಟ್ಟುಕೊಂಡರೂ ಕಚೇರಿಯ ಎಷ್ಟೋ ವಾಕ್ಯಗಳು ನೆಟ್ಟಗಾಗುತ್ತವೆ.

ಯಾರ ಹೆಸರಿನಲ್ಲಿ ಮಾತು ಎಂಬುದನ್ನೂ ನೋಡಬೇಕು. ‘ಐ’, ‘ವಿ’ ಸಹಜ. ಸಂಸ್ಥೆ ತನ್ನದೇ ಠರಾವಿನಲ್ಲಿ ಮಾತಾಡುವಾಗ ‘ದ ಬೋರ್ಡ್ ಹಿಯರ್‌ಬೈ ಅಪ್ರೂವ್ಸ್’ ಸರಿ. ಆದರೆ ಆ ಸಭೆಯ ನಡಾವಳಿಯನ್ನು ಆಮೇಲೆ ವರದಿಯಾಗಿ ಬರೆಯುವಾಗ ‘ದ ಬೋರ್ಡ್ ಹಿಯರ್‌ಬೈ ಅಪ್ರೂವ್ಡ್’ ಎನ್ನಬಾರದು. ಅನುಮೋದಿಸಿದ್ದು ಸಭೆ, ವರದಿಯಲ್ಲ.

ಈ ತಪ್ಪುಗಳೆಲ್ಲ ಒಟ್ಟಿಗೆ ಸೇರುವ ಪತ್ರ ಹೀಗಿರುತ್ತದೆ: ‘ಹಿಯರ್‌ಬೈ ಐ ಆಮ್ ಸಬ್ಮಿಟಿಂಗ್ ಮೈ ರೆಸಿಗ್ನೇಷನ್ ಥ್ರೂ ದಿಸ್ ಲೆಟರ್ ಅಂಡ್ ಹಿಯರ್‌ಬೈ ಎನ್‌ಕ್ಲೋಸಿಂಗ್ ಮೈ ಐಡಿ ಕಾರ್ಡ್ ಅಂಡ್ ಹಿಯರ್‌ಬೈ ಹೋಪಿಂಗ್ ಫಾರ್ ಅರ್ಲಿ ರಿಲೀಫ್.’ ಮೊದಲ ಹಿಯರ್‌ಬೈ ವಾಕ್ಯದ ತಲೆಯಲ್ಲಿದೆ. ಅದರ ಜಾಗ ಕರ್ತೃ ಮತ್ತು ಕ್ರಿಯಾಪದದ ನಡುವೆ. ‘ಥ್ರೂ ದಿಸ್ ಲೆಟರ್’ ಎಂದರೂ ಹಿಯರ್‌ಬೈ ಎಂದರೂ ಒಂದೇ, ಎರಡೂ ಬೇಡ. ಕಾರ್ಡನ್ನು ಲಕೋಟೆಗೆ ಹಾಕುವುದು ಕೈಯ ಕೆಲಸ, ಮಾತಿನದಲ್ಲ. ಆಸೆಯ ಮಾತು ಆಗಲೇ ಆಯಿತು. ತಿದ್ದಿದರೆ: ‘ಐ ಹಿಯರ್‌ಬೈ ರಿಸೈನ್ ಫ್ರಮ್ ದ ಪೋಸ್ಟ್ ಆಫ್ ಅಕೌಂಟೆಂಟ್, ವಿತ್ ಎಫೆಕ್ಟ್ ಫ್ರಮ್ 1 ಜುಲೈ. ಐ ಎನ್‌ಕ್ಲೋಸ್ ಮೈ ಐಡಿ ಕಾರ್ಡ್. ಐ ಹೋಪ್ ಟು ಬಿ ರಿಲೀವ್ಡ್ ಬೈ ದಟ್ ಡೇಟ್.’

ತಿದ್ದಿದ ಪತ್ರದಲ್ಲಿ ತಾರೀಖು ಬಂದದ್ದನ್ನು ಗಮನಿಸಿ. ಹಿಯರ್‌ಬೈ ಹೇಳುವುದು ರಾಜೀನಾಮೆ ಕೊಟ್ಟ ಗಳಿಗೆಯನ್ನು ಮಾತ್ರ. ಕೆಲಸದಿಂದ ಬಿಡುಗಡೆ ಎಂದಿನಿಂದ ಎಂಬುದು ಬೇರೆ ಸಂಗತಿ, ಅದನ್ನು ಪ್ರತ್ಯೇಕವಾಗಿ ಬರೆಯಲೇಬೇಕು. ಬರೆಯದಿದ್ದರೆ ಈ ಕ್ಷಣದಿಂದಲೇ ಕೆಲಸ ಬಿಟ್ಟಂತೆ ಓದಿಕೊಳ್ಳಲು ದಾರಿಯಾಗುತ್ತದೆ.

ಪದದ ಜಾಗದ ಬಗ್ಗೆ ಹೆಚ್ಚಿಗೆ ಹೇಳಬೇಕಾದ್ದಿಲ್ಲ. ‘ಐ ಹಿಯರ್‌ಬೈ ಸರ್ಟಿಫೈ’, ‘ಯು ಆರ್ ಹಿಯರ್‌ಬೈ ನೋಟಿಫೈಡ್’, ‘ಐ ಡು ಹಿಯರ್‌ಬೈ ಡಿಕ್ಲೇರ್’ ಈ ಮೂರು ಅಚ್ಚುಗಳು ಸಾಕು. ‘ದಿಸ್ ಈಸ್ ಟು ಸರ್ಟಿಫೈ’ ಎಂದು ಆರಂಭಿಸಿದ ಪ್ರಮಾಣಪತ್ರದಲ್ಲಿ ಹಿಯರ್‌ಬೈ ಸೇರಿಸುವುದು ಬೇಡ, ‘ದಿಸ್’ ಆಗಲೇ ಆ ಹಾಳೆಯನ್ನು ತೋರಿಸಿಬಿಟ್ಟಿದೆ. ಪದ ಹಿಡಿಯುವುದು ಪಕ್ಕದ ಕ್ರಿಯಾಪದವನ್ನು ಮಾತ್ರ ಎಂಬುದೂ ನೆನಪಿರಲಿ. ‘ಐ ಹಿಯರ್‌ಬೈ ಕನ್‌ಫರ್ಮ್ ದಟ್ ಐ ಪೇಯ್ಡ್’ ಎಂಬಲ್ಲಿ ಹಣ ಕೊಟ್ಟದ್ದು ಹಿಂದೆ, ದೃಢಪಡಿಸುವುದು ಈಗ. ಕೊಟ್ಟಿಲ್ಲದಿದ್ದರೂ ‘ದೃಢಪಡಿಸಿದ’ ಕೆಲಸ ನಡೆದೇಹೋಗುತ್ತದೆ, ಸಹಿ ಹಾಕಿದವರು ಸುಳ್ಳನ್ನು ದೃಢಪಡಿಸಿದಂತಾಗುತ್ತದೆ. ಮಾತಿನಿಂದ ಕೆಲಸ ಆಗಬೇಕಾದರೆ ಆ ಮಾತಾಡುವ ಅಧಿಕಾರವೂ ಇರಬೇಕು. ನೇಮಿಸುವ ಅಧಿಕಾರವಿಲ್ಲದವರು ‘ಹಿಯರ್‌ಬೈ ಅಪಾಯಿಂಟ್’ ಎಂದು ಎಷ್ಟು ಚೆಂದವಾಗಿ ಬರೆದರೂ ನೇಮಕ ಆಗುವುದಿಲ್ಲ.

ಅದಿಲ್ಲದೆಯೂ ಆಗುತ್ತದೆಯೇ?

ಬಹುಪಾಲು ಆಗುತ್ತದೆ. ಭಾರತ ಸಂವಿಧಾನದ ಪೀಠಿಕೆಯ ಇಂಗ್ಲಿಷ್ ಪಾಠ, 1949ರ ನವೆಂಬರ್ 26 ಎಂಬ ತಾರೀಖನ್ನು ಹೇಳಿ, ‘ಡು ಹಿಯರ್‌ಬೈ ಅಡಾಪ್ಟ್, ಎನ್ಯಾಕ್ಟ್ ಅಂಡ್ ಗಿವ್ ಟು ಅವರ್‌ಸೆಲ್ವ್ಸ್ ದಿಸ್ ಕಾನ್‌ಸ್ಟಿಟ್ಯೂಷನ್’ ಎಂದು ಮುಗಿಯುತ್ತದೆ. 1787ರ ಅಮೆರಿಕದ ಸಂವಿಧಾನದ ಪೀಠಿಕೆ ‘ಡು ಆರ್ಡೈನ್ ಅಂಡ್ ಎಸ್ಟಾಬ್ಲಿಷ್ ದಿಸ್ ಕಾನ್‌ಸ್ಟಿಟ್ಯೂಷನ್’ ಎನ್ನುತ್ತದೆ. ಅಲ್ಲಿ ಹಿಯರ್‌ಬೈ ಇಲ್ಲ. ಕೆಲಸ ಎರಡರಲ್ಲೂ ಆಯಿತು. ಭಾರತದ ಸಂವಿಧಾನದ ಒಳಗೇ ಎರಡೂ ಬಗೆ ಸಿಗುತ್ತವೆ. 1935ರ ಗವರ್ನಮೆಂಟ್ ಆಫ್ ಇಂಡಿಯಾ ಕಾಯ್ದೆಯನ್ನೂ 1947ರ ಇಂಡಿಯನ್ ಇಂಡಿಪೆಂಡೆನ್ಸ್ ಕಾಯ್ದೆಯನ್ನೂ ತೆಗೆದುಹಾಕುವ 395ನೆಯ ವಿಧಿ ‘ಆರ್ ಹಿಯರ್‌ಬೈ ರಿಪೀಲ್ಡ್’ ಎಂದು ಮುಗಿಯುತ್ತದೆ. 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯ ಮುಂದೆ ಬರೀ ‘ಈಸ್ ಅಬಾಲಿಷ್ಡ್’ ಎಂದಿದೆ. ಆ ಎರಡು ಪದಗಳಿಗೆ ಯಾವ ಊರುಗೋಲೂ ಬೇಕಾಗಿಲ್ಲ. ಹಿಯರ್‌ಬೈ ಇಲ್ಲದಿದ್ದರೆ ಗಾಂಭೀರ್ಯ ಕಡಿಮೆಯಾಗುತ್ತದೆ ಎನ್ನುವವರು ಈ ಸಾಲನ್ನೊಮ್ಮೆ ಓದಬೇಕು.

ಹಾಗಾದರೆ ನಿಜವಾಗಿ ಬೇಕಾಗುವುದು ಎಲ್ಲಿ? ಅದೇ ವಾಕ್ಯವನ್ನು ವರ್ಣನೆಯಾಗಿಯೂ ಓದಲು ಸಾಧ್ಯವಿರುವಲ್ಲಿ. ‘ದ ಕಮಿಟಿ ಅಪ್ರೂವ್ಸ್ ದ ಬಜೆಟ್’ ಎಂದರೆ ಬಜೆಟ್ ಅನುಮೋದಿಸುವುದು ಸಮಿತಿಯ ಕೆಲಸ ಎಂದೂ ಆಗಬಹುದು, ಈಗ ಅನುಮೋದಿಸಿತು ಎಂದೂ ಆಗಬಹುದು. ಹಿಯರ್‌ಬೈ ಸೇರಿಸಿದರೆ ಮೊದಲನೆಯ ಅರ್ಥ ಅಳಿಸಿಹೋಗುತ್ತದೆ. ‘ಎಂಟ್ರಿ ಈಸ್ ಪ್ರೊಹಿಬಿಟೆಡ್’ ಎಂಬ ಫಲಕ ಇರುವ ನಿಯಮವನ್ನು ತಿಳಿಸುತ್ತದೆ. ‘ಈಸ್ ಹಿಯರ್‌ಬೈ ಪ್ರೊಹಿಬಿಟೆಡ್’ ಎಂಬ ಆದೇಶ ನಿಯಮವನ್ನು ಹುಟ್ಟಿಸುತ್ತದೆ.

ಇದಕ್ಕಿಂತ ದೊಡ್ಡ ಅಗತ್ಯವಿರುವುದು ಹಕ್ಕನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಒಪ್ಪಂದಗಳಲ್ಲಿ. 1980ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು, ತಮ್ಮ ಆವಿಷ್ಕಾರಗಳ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ‘ಅಗ್ರೀ ಟು ಅಸೈನ್’, ಅಂದರೆ ವಹಿಸಿಕೊಡಲು ಒಪ್ಪುತ್ತೇನೆ, ಎಂದು ಸಹಿ ಹಾಕಿದ್ದರು. ಆಮೇಲೆ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ತಂತ್ರವನ್ನು ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ, ಅಲ್ಲಿ ಸಹಿ ಹಾಕಿದ ಕಾಗದದಲ್ಲಿ ‘ವಿಲ್ ಅಸೈನ್ ಅಂಡ್ ಡು ಹಿಯರ್‌ಬೈ ಅಸೈನ್’ ಎಂದಿತ್ತು. ಸೀಟಸ್‌ನ ಪಿಸಿಆರ್ ವ್ಯವಹಾರವನ್ನು ಮುಂದೆ ರೋಶ್ ಎಂಬ ಔಷಧ ಕಂಪನಿ ಕೊಂಡುಕೊಂಡಿತು. ರಕ್ತದಲ್ಲಿ ಎಚ್‌ಐವಿ ಪ್ರಮಾಣವನ್ನು ಅಳೆಯುವ ವಿಧಾನದ ಪೇಟೆಂಟುಗಳ ಬಗ್ಗೆ ಸ್ಟ್ಯಾನ್‌ಫರ್ಡ್ ರೋಶ್ ಮೇಲೆ ಮೊಕದ್ದಮೆ ಹೂಡಿದಾಗ ಈ ಎರಡು ಕಾಗದಗಳು ಎದುರುಬದುರಾದವು.

ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಹೇಳಿದ್ದು ಇಷ್ಟು: ಮೊದಲ ಕಾಗದ ಮುಂದೆ ಕೊಡುವ ಮಾತು, ಎರಡನೆಯದು ಮುಂದೆ ಹುಟ್ಟಲಿರುವ ಆವಿಷ್ಕಾರದ ಹಕ್ಕನ್ನು ಅಂದೇ ದಾಟಿಸಿದ ಕಾಗದ. ಹಾಗಾಗಿ ತಡವಾಗಿ ಸಹಿಯಾದ ಕಾಗದವೇ ಮುಂದಾಯಿತು. ಸ್ಟ್ಯಾನ್‌ಫರ್ಡ್ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಚರ್ಚೆಯಾದ ಮುಖ್ಯ ಪ್ರಶ್ನೆ ಬೇರೆ: ಸರ್ಕಾರದ ಅನುದಾನದಿಂದ ನಡೆದ ಸಂಶೋಧನೆಯ ಹಕ್ಕು 1980ರ ಬೇ–ಡೋಲ್ ಕಾಯ್ದೆಯಿಂದ ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಬರುತ್ತದೆಯೇ ಎಂಬುದು. ಬರುವುದಿಲ್ಲ ಎಂದು 2011ರಲ್ಲಿ 7–2ರ ಬಹುಮತದ ತೀರ್ಪು ಬಂತು. ಕೆಳಗಿನ ತೀರ್ಪು ಉಳಿಯಿತು. ಇಲ್ಲಿ ಗೆದ್ದದ್ದು ಹಿಯರ್‌ಬೈ ಒಂದೇ ಅಲ್ಲ, ಅದರ ಜೊತೆಗಿದ್ದ ಸರಳ ವರ್ತಮಾನದ ‘ಅಸೈನ್’ ಕೂಡ. ಆದರೆ ಹಿಯರ್‌ಬೈ ಇದ್ದುದರಿಂದ ಅದನ್ನು ಬರೀ ಭರವಸೆ ಎಂದು ಓದಲು ಸಂದು ಉಳಿಯಲಿಲ್ಲ. ಯಾವ ಕಾಗದಕ್ಕಾದರೂ ಸಹಿ ಹಾಕುವ ಮುನ್ನ ‘ಅಗ್ರೀ ಟು’ ಇದೆಯೇ, ‘ಹಿಯರ್‌ಬೈ’ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮೊದಲನೆಯದರಲ್ಲಿ ಕೊಡುವುದು ಮುಂದೆ, ಎರಡನೆಯದರಲ್ಲಿ ಸಹಿ ಬಿದ್ದಾಗಲೇ ಕೊಟ್ಟಾಯಿತು.

ಒಪ್ಪಂದಗಳಲ್ಲೇ ಕಾಣುವ ಇನ್ನೊಂದು ದೋಷ ಷರತ್ತಿನ ವಾಕ್ಯದಲ್ಲಿ ಹಿಯರ್‌ಬೈ ಹಾಕುವುದು. ‘ಬಾಡಿಗೆ ಎರಡು ತಿಂಗಳು ಬಾಕಿಯಾದರೆ ಈ ಒಪ್ಪಂದ ಹಿಯರ್‌ಬೈ ಟರ್ಮಿನೇಟೆಡ್’ ಎಂಬ ಅರ್ಥದ ಸಾಲಿನಲ್ಲಿ ಮೊದಲರ್ಧ ಮುಂದಿನದನ್ನು ಹೇಳುತ್ತದೆ, ಕೊನೆಯರ್ಧ ಈಗಿನದನ್ನು. ಒಪ್ಪಂದ ಬಾಕಿಯಾದ ದಿನ ತಾನಾಗಿಯೇ ಮುಗಿಯುತ್ತದೆಯೇ, ಮುಗಿಸಲು ಇನ್ನೊಂದು ನೋಟಿಸು ಬೇಕೇ, ತಿಳಿಯುವುದಿಲ್ಲ. ತಾನಾಗಿಯೇ ಮುಗಿಯಬೇಕಿದ್ದರೆ ‘ಟರ್ಮಿನೇಟ್ಸ್’ ಎನ್ನಿ. ಮಾಲೀಕರು ಮುಗಿಸಬಹುದು ಎಂದಿದ್ದರೆ ‘ಮೇ ಟರ್ಮಿನೇಟ್ ಬೈ ನೋಟಿಸ್’ ಎನ್ನಿ. ‘ಶಲ್ ಹಿಯರ್‌ಬೈ ಬಿ’ ಎಂಬ ಜೋಡಣೆಯ ತೊಂದರೆಯೂ ಇದೇ.

ಒಂದೇ ಮನೆಯ ಬೇರೆ ಪದಗಳು

ಹಿಯರ್‌ಬೈ ಒಂಟಿ ಪದವಲ್ಲ, ದೊಡ್ಡ ಕುಟುಂಬದ ಒಂದು ಮಗು. ಈ ಕುಟುಂಬ ಕನ್ನಡಿಗರಿಗೆ ಕಷ್ಟವಾಗಬಾರದು. ಇಲ್ಲಿ, ಅಲ್ಲಿ, ಎಲ್ಲಿ ಎಂಬಲ್ಲಿ ಮೊದಲ ಅಕ್ಷರ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇಂಗ್ಲಿಷಿನ ಹಿಯರ್, ದೇರ್, ವೇರ್ ಕೂಡ ಹಾಗೆಯೇ. ನಾವು ‘ಇದು’ವಿಗೆ ವಿಭಕ್ತಿ ಹಚ್ಚಿ ಇದರಿಂದ, ಇದರೊಡನೆ, ಇದರಲ್ಲಿ, ಇದರ, ಇದಕ್ಕೆ ಎನ್ನುವಂತೆ ಅಲ್ಲಿ ಹಿಯರ್‌ಬೈ, ಹಿಯರ್‌ವಿತ್, ಹಿಯರ್‌ಇನ್, ಹಿಯರ್‌ಆಫ್, ಹಿಯರ್‌ಟು ಆಗುತ್ತವೆ. ‘ಇದು’ವಿನ ಜಾಗದಲ್ಲಿ ‘ಅದು’ ಬಂದರೆ ದೇರ್‌ಬೈ, ದೇರ್‌ಇನ್, ದೇರ್‌ಆಫ್. ಜರ್ಮನ್ ಭಾಷೆಯ ‘ಹೀರ್‌ಮಿಟ್’ ಕೂಡ ಇದೇ ಅಚ್ಚಿನದು.

ಪತ್ರದ ಜೊತೆ ದಾಖಲೆ ಇಟ್ಟಿದ್ದರೆ ಬೇಕಾದದ್ದು ಹಿಯರ್‌ವಿತ್, ‘ಇದರೊಡನೆ’. ಹಿಯರ್‌ಬೈ ಬದಲು ಇದು, ಇದರ ಬದಲು ಅದು ಬರುವುದು ಬಹಳ ಸಾಮಾನ್ಯ. ಇಂದಿನ ಪತ್ರಗಳಲ್ಲಿ ಬರೀ ‘ಎನ್‌ಕ್ಲೋಸ್ಡ್’ ಅಥವಾ ‘ಅಟ್ಯಾಚ್ಡ್’ ಸಾಕು. ‘ದೇರ್‌ಬೈ’ ಬರುವುದು ಒಂದು ಕೆಲಸದ ಫಲವನ್ನು ಹೇಳುವಾಗ, ಸಾಮಾನ್ಯವಾಗಿ ‘ಇಂಗ್’ ರೂಪದ ಜೊತೆ: ‘ಹಿ ಸೈನ್ಡ್ ದ ರಿಲೀಸ್, ದೇರ್‌ಬೈ ಗಿವಿಂಗ್ ಅಪ್ ಹಿಸ್ ಕ್ಲೇಮ್.’ ಕನ್ನಡದ ‘ತನ್ಮೂಲಕ’, ‘ಆ ಮೂಲಕ’ ಇದಕ್ಕೆ ಸರಿಹೊಂದುತ್ತದೆ. ‘ವೇರ್‌ಬೈ’ ಪ್ರಶ್ನೆ ಕೇಳುವುದಿಲ್ಲ, ನಾಮಪದಕ್ಕೆ ಅಂಟಿಕೊಂಡು ‘ಯಾವುದರ ಮೂಲಕವೋ ಅಂಥ’ ಎಂದು ವಿವರಿಸುತ್ತದೆ: ‘ಎ ಸ್ಕೀಮ್ ವೇರ್‌ಬೈ ವರ್ಕರ್ಸ್ ಬೈ ಶೇರ್ಸ್.’ ಮುಂದಿನ ಕಾಲಕ್ಕೆ ಹಿಯರ್‌ಆಫ್ಟರ್, ಕಾಗದದ ಮುಂದಿನ ಭಾಗಕ್ಕೆ ಹಿಯರಿನ್‌ಆಫ್ಟರ್.

‘ಹಿಯರ್’ ಗುಂಪಿಗಿಂತ ‘ದೇರ್’ ಗುಂಪಿನಲ್ಲಿ ಅಪಾಯ ಹೆಚ್ಚು. ‘ಇದು’ ಎಂದರೆ ಕೈಯಲ್ಲಿರುವ ಕಾಗದ, ಹುಡುಕಬೇಕಾದ್ದಿಲ್ಲ. ‘ಅದು’ ಯಾವುದು ಎಂದು ಪ್ರತಿಸಲ ಹಿಂದಕ್ಕೆ ತಿರುಗಿ ನೋಡಬೇಕು. ಅಮೆರಿಕದಲ್ಲಿ 1919ರಲ್ಲಿ ಅಂಗೀಕಾರವಾದ, ಮದ್ಯದ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿದ ಸಂವಿಧಾನದ 18ನೆಯ ತಿದ್ದುಪಡಿಯ ಒಂದೇ ವಾಕ್ಯದಲ್ಲಿ ‘ದೇರ್‌ಆಫ್’ ಮೂರು ಸಲ ಬರುತ್ತದೆ, ವಾಕ್ಯ ‘ಈಸ್ ಹಿಯರ್‌ಬೈ ಪ್ರೊಹಿಬಿಟೆಡ್’ ಎಂದು ಮುಗಿಯುತ್ತದೆ. ‘ಇಂಪೋರ್ಟೇಷನ್ ದೇರ್‌ಆಫ್’, ‘ಎಕ್ಸ್‌ಪೋರ್ಟೇಷನ್ ದೇರ್‌ಆಫ್’ ಎಂಬಲ್ಲಿ ‘ಅದರ’ ಎಂದರೆ ಮದ್ಯದ. ಬೆನ್ನಿಗೇ ಬರುವ ‘ಜೂರಿಸ್‌ಡಿಕ್ಷನ್ ದೇರ್‌ಆಫ್’ನಲ್ಲಿ ‘ಅದರ’ ಎಂದರೆ ದೇಶದ. ಮದ್ಯಕ್ಕೆ ಅಧಿಕಾರವ್ಯಾಪ್ತಿ ಇರಲಾರದು ಎಂಬ ಲೋಕಜ್ಞಾನದಿಂದ ನಾವು ಸರಿಯಾಗಿ ಓದುತ್ತೇವೆ. ವ್ಯಾಕರಣ ಅಲ್ಲಿ ಏನೂ ಸಹಾಯ ಮಾಡುವುದಿಲ್ಲ. 1933ರಲ್ಲಿ 21ನೆಯ ತಿದ್ದುಪಡಿ ಬಂದು ಆ ನಿಷೇಧವನ್ನು ತೆಗೆದುಹಾಕಿತು. ಅದರ ಮೊದಲ ಸಾಲಿನಲ್ಲಿ ದೇರ್‌ಆಫ್ ಒಂದೂ ಇಲ್ಲ. ಯಾವ ತಿದ್ದುಪಡಿ ಎಂದು ಹೆಸರಿಸಿ ‘ಈಸ್ ಹಿಯರ್‌ಬೈ ರಿಪೀಲ್ಡ್’ ಎಂದು ನಿಲ್ಲಿಸಲಾಗಿದೆ. ನಿಮ್ಮ ಕರಡಿನಲ್ಲಿ ‘ದೇರ್‌ಆಫ್’ ಬಂದಲ್ಲೆಲ್ಲ ಹೀಗೆಯೇ ನಾಮಪದವನ್ನೇ ಮತ್ತೊಮ್ಮೆ ಬರೆಯಿರಿ. ಸಾಲು ಒಂದೆರಡು ಪದ ಉದ್ದವಾಗಬಹುದು, ಆದರೆ ಯಾವುದರ ಎಂದು ಯಾರೂ ಕೇಳಬೇಕಾಗಿ ಬರುವುದಿಲ್ಲ.